ಹೊಲಿಗೆ ಮಿರಜದ್ದು, ಮಾಯುವುದು ಕಾಗವಾಡದಲ್ಲಿ

ಕಾಗವಾಡದಿಂದ ಮಿರಜ ಕಡೆಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ದವಾಖಾನೆಗೆ ಹೊರಟವರನ್ನು ಗುರುತಿಸುವುದು ಕಷ್ಟವಲ್ಲ. ಬಗಲಲ್ಲಿ ಎಕ್ಸ್‌ರೇ ಲಕೋಟೆ, ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಚೀಟಿಗಳ ಕಟ್ಟು, ಅರಿವೆಯಲ್ಲಿ ಕಟ್ಟಿಕೊಂಡ ರೊಟ್ಟಿ-ಪಲ್ಯ. ಮ್ಹೈಸಾಳ ದಾಟಿದರೆ ಮಿರಜ ಬಂದೇಬಿಟ್ಟಿತು. ಸಂಜೆಯ ಬಸ್ಸಿಗೆ ಇದೇ ಮಂದಿ ಮರಳುತ್ತಾರೆ. ಅವರ ನಡುವೆ ಎಂದಾದರೊಮ್ಮೆ, ಏಪ್ರಿಲ್ ಬಿಸಿಲಲ್ಲೂ ಮೈತುಂಬ ಶಾಲು ಹೊದ್ದು, ಎದೆಗೂ ಮುಂದಿನ ಸೀಟಿನ ಸರಳಿಗೂ ನಡುವೆ ಸಣ್ಣ ದಿಂಬು ಹಿಡಿದು ಕೂತ ಹೆಣ್ಣುಮಗಳೊಬ್ಬಳು ಇರುತ್ತಾಳೆ. ಬಸ್ಸು ತಗ್ಗಿಗೆ ಇಳಿದಾಗೆಲ್ಲ ಕಣ್ಣು ಮುಚ್ಚುತ್ತಾಳೆ. ಪಕ್ಕದಾಕೆ "ಏನಾಗೇತಿ ಯವ್ವಾ?" ಎಂದರೆ "ಪಿತ್ತಕೋಶದಾಗ ಹರಳಿದ್ದೂವ್ರಿ, ತಗಿಸ್ಕೊಂಡ ಬಂದೆ" ಎಂಬ ಉತ್ತರ.

ಹರಳಲ್ಲ. ಆಕೆಗೆ ಆಗಿರುವುದು ಸ್ತನದ ಶಸ್ತ್ರಚಿಕಿತ್ಸೆ. ಶಾಲಿನೊಳಗೆ ಬಿಗಿಯಾದ ಸರ್ಜಿಕಲ್ ಬ್ರಾ, ಅದರೊಳಗೆ ಬ್ಯಾಂಡೇಜು, ಅದರಡಿ ಕರಿನೀಲಿಗೆ ತಿರುಗಿದ ಚರ್ಮ. ಆ ಬಣ್ಣ ಹೋಗಲು ಎರಡು ಮೂರು ವಾರ ಬೇಕು, ಒಳಗಿನ ಗಾಯ ಪೂರ್ತಿ ಮಾಗಲು ವರ್ಷದ ಮೇಲೆ. ಕತ್ತರಿಸಿ ಹೊಲಿಯುವುದು ಕೆಲವೇ ತಾಸಿನ ಕೆಲಸ. ಉಳಿದದ್ದೆಲ್ಲ ನಡೆಯುವುದು ಮನೆಯಲ್ಲಿ, ಅತ್ತೆ, ನಾದಿನಿ, ಮಕ್ಕಳು, ಎಮ್ಮೆಗಳ ನಡುವೆ. ಆ ಮನೆಯಲ್ಲಿ ಇದು ಗುಟ್ಟಾಗಿ ಉಳಿದರೆ ಗಾಯ ಮಾಯುವ ಕೆಲಸವೇ ಕೆಡುತ್ತದೆ. ನೀಲಿಗಟ್ಟಿದ್ದು ಎಷ್ಟೇ ಹೆದರಿಸಿದರೂ ಅಷ್ಟು ಕೆಡುಕು ಮಾಡುವುದಿಲ್ಲ.

ಯಾರು ಹೋಗುತ್ತಾರೆ, ಯಾಕೆ

ಸ್ತನದ ಸೌಂದರ್ಯ ಶಸ್ತ್ರಚಿಕಿತ್ಸೆ ಎಂದೊಡನೆ ಮುಂಬೈ, ಸಿನಿಮಾ, ಶ್ರೀಮಂತಿಕೆ ನೆನಪಾಗುತ್ತವೆ. ಹಳ್ಳಿಯ ಕಾರಣಗಳು ಅಷ್ಟು ಬೆಡಗಿನವಲ್ಲ. ವಿಪರೀತ ಭಾರದಿಂದ ಕುತ್ತಿಗೆ, ಬೆನ್ನು ನೋಯುವವರು, ಬ್ರಾ ಪಟ್ಟಿ ಕೊರೆದು ಹೆಗಲಲ್ಲಿ ಗುಳಿ ಬಿದ್ದವರು, ಮಡಿಕೆಯಡಿ ಬೇಸಿಗೆಯಿಡೀ ಬೆವರಿ ಚರ್ಮ ಸುಲಿಯುವವರು ಗಾತ್ರ ಕಡಿಮೆ ಮಾಡಿಸಿಕೊಳ್ಳುತ್ತಾರೆ. ಒಂದು ದೊಡ್ಡದು, ಒಂದು ಚಿಕ್ಕದು ಇದ್ದು ಸರಿಪಡಿಸಿಕೊಳ್ಳುವವರಿದ್ದಾರೆ. ಕ್ಯಾನ್ಸರಿನಿಂದ ಒಂದು ಸ್ತನ ಕಳೆದುಕೊಂಡು ಮತ್ತೆ ಕಟ್ಟಿಸಿಕೊಳ್ಳುವವರಿದ್ದಾರೆ. ಗಾತ್ರ ಹೆಚ್ಚಿಸಿಕೊಳ್ಳುವವರೂ ಇದ್ದಾರೆ. ಅದು ಅವರವರ ಇಚ್ಛೆ, ಅದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಗಂಡಸರನ್ನು ಮರೆಯುವಂತಿಲ್ಲ. ಕುಸ್ತಿಯ ಹುಚ್ಚಿರುವ ಈ ಗಡಿಯಲ್ಲಿ ತಾಲೀಮಿಗೆ ಹೋಗಿ ಅಂಗಿ ಬಿಚ್ಚಲು ನಾಚುವ ಹುಡುಗರ ಸಂಕಟ ಬೇರೆಯೇ. ಗಂಡಸರ ಎದೆಯಲ್ಲಿ ಸ್ತನದ ಗ್ರಂಥಿ ಬೆಳೆಯುವುದಕ್ಕೆ ವೈದ್ಯರು ಗೈನೆಕೊಮಾಸ್ಟಿಯಾ ಎನ್ನುತ್ತಾರೆ. ಹರೆಯದಲ್ಲಿ ಬಂದದ್ದು ಬಹುಪಾಲು ಆರು ತಿಂಗಳಿಂದ ಎರಡು ವರ್ಷದೊಳಗೆ ತಾನೇ ಇಳಿಯುತ್ತದೆ, ಅವಸರಪಟ್ಟು ಕತ್ತರಿಸಬೇಕಿಲ್ಲ. ಆದರೆ ಮೈಕಟ್ಟು ಬೇಗ ಬರಲೆಂದು ಸ್ಟೆರಾಯ್ಡ್ ಚುಚ್ಚಿಸಿಕೊಂಡವರದ್ದು ಬೇರೆ ಕಥೆ. ಗಂಡು ಹಾರ್ಮೋನು ಮಿತಿಮೀರಿದಾಗ ದೇಹ ಅದರಲ್ಲಿ ಒಂದಷ್ಟನ್ನು ಈಸ್ಟ್ರೋಜೆನ್ ಆಗಿ ಬದಲಿಸುತ್ತದೆ, ಎದೆ ಉಬ್ಬುತ್ತದೆ. ಈ ಹುಡುಗರಿಗೂ ಕೊನೆಗೆ ಅದೇ ಬಿಗಿ ಬನಿಯನ್ನು, ಅದೇ ನೀಲಿ ಚರ್ಮ, ಅದೇ ಸುಳ್ಳು.

ಇವರೆಲ್ಲ ಹೋಗುವುದು ಮಿರಜ, ಸಾಂಗಲಿ, ಕೊಲ್ಹಾಪುರ ಅಥವಾ ಬೆಳಗಾವಿಗೆ. ಮಿರಜದ ಹಾದಿ ಹಳೆಯದು. ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಾಗಿನಿಂದ ಕೃಷ್ಣಾ ತೀರದ ಕನ್ನಡ ಹಳ್ಳಿಗಳಿಗೆ ದೊಡ್ಡ ದವಾಖಾನೆ ಎಂದರೆ ಮಿರಜವೇ. 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು. ಬೆಳಗಾವಿ ನಮ್ಮದೇ ಜಿಲ್ಲಾ ಕೇಂದ್ರವಾದರೂ ಕಾಗವಾಡದವರಿಗೆ ಪಕ್ಕದ ರಾಜ್ಯವೇ ಹತ್ತಿರ.

ಮೊದಲ ಇಪ್ಪತ್ತನಾಲ್ಕು ತಾಸು

ಸ್ತನಕ್ಕೆ ರಕ್ತ ಒಂದೇ ದಾರಿಯಿಂದ ಬರುವುದಿಲ್ಲ. ಎದೆಮೂಳೆಯ ಪಕ್ಕದಿಂದ, ಕಂಕುಳ ಕಡೆಯಿಂದ, ಪಕ್ಕೆಲುಬುಗಳ ಸಂದಿನಿಂದ ರಕ್ತನಾಳಗಳು ಬಂದು ಸೇರುತ್ತವೆ. ಒಳಗಿರುವುದು ಸಡಿಲವಾದ ಕೊಬ್ಬು. ಅಲ್ಲಿ ಸೋರಿದ ರಕ್ತ ಹರಡಿಕೊಳ್ಳಲು ಜಾಗಕ್ಕೆ ಬರವಿಲ್ಲ.

ಶಸ್ತ್ರಚಿಕಿತ್ಸೆಯ ಹೊತ್ತಿಗೆ ಸರ್ಜನ್ ಅನೇಕ ವೇಳೆ ಅಡ್ರಿನಲಿನ್ ಬೆರೆಸಿದ ದ್ರಾವಣ ಚುಚ್ಚುತ್ತಾರೆ. ರಕ್ತನಾಳಗಳು ಮುದುಡಿ, ಕತ್ತರಿಸಿದ ಜಾಗದಲ್ಲಿ ರಕ್ತವೇ ಕಡಿಮೆ ಕಾಣುತ್ತದೆ. ಕೆಲವು ತಾಸಿಗೆ ಔಷಧದ ಪ್ರಭಾವ ಇಳಿಯುತ್ತದೆ. ಅರಿವಳಿಕೆಯಲ್ಲಿ ತಗ್ಗಿದ್ದ ರಕ್ತದೊತ್ತಡ ಏರುತ್ತದೆ. ರೋಗಿ ಕೆಮ್ಮುತ್ತಾಳೆ, ವಾಂತಿ ಮಾಡಿಕೊಳ್ಳುತ್ತಾಳೆ, ಎದ್ದು ಕೂರಲು ತೋಳಿನ ಮೇಲೆ ಭಾರ ಹಾಕುತ್ತಾಳೆ. ಮುಚ್ಚಿಕೊಂಡಿದ್ದ ಸಣ್ಣ ನಾಳವೊಂದು ಆಗ ತೆರೆದುಕೊಳ್ಳಬಹುದು.

ತೊಟ್ಟು ತೊಟ್ಟು ಸೋರಿದರೆ ಅದು ಚರ್ಮದಡಿಯ ನೀಲಿ ಕಲೆ. ಒಂದೇ ಕಡೆ ಹೆಚ್ಚು ಸೋರಿ ಗಡ್ಡೆಗಟ್ಟಿದರೆ ಅದು ಹೆಮಟೋಮಾ. ನೂರರಲ್ಲಿ ಒಬ್ಬಿಬ್ಬರಿಗೆ, ಹೆಚ್ಚೆಂದರೆ ಮೂವರಿಗೆ ಆಗುವಂಥದ್ದು, ಬಹುತೇಕ ಮೊದಲ ದಿನದೊಳಗೇ. ಎರಡರ ವ್ಯತ್ಯಾಸ ಮನೆಯವರಿಗೆ ಗೊತ್ತಿರಬೇಕು. ನೀಲಿ ಕಲೆ ಸಾಮಾನ್ಯವಾಗಿ ಎರಡೂ ಕಡೆ, ಚಪ್ಪಟೆಯಾಗಿ, ನಿಧಾನಕ್ಕೆ ಹರಡುತ್ತದೆ. ಹೆಮಟೋಮಾ ಆದರೆ ಒಂದೇ ಪಕ್ಕ ನೋಡನೋಡುತ್ತ ಊದುತ್ತದೆ, ಚರ್ಮ ಬಿಗಿದು ಹೊಳೆಯುತ್ತದೆ, ಮಾತ್ರೆಗೆ ಬಗ್ಗದ ನೋವು ಬರುತ್ತದೆ. ಆಗ ಬೆಳಗಾಗಲಿ ಎಂದು ಕಾಯಬಾರದು. ಒಳಗಿನ ಒತ್ತಡ ಚರ್ಮಕ್ಕೆ ಹೋಗುವ ರಕ್ತವನ್ನೇ ತಡೆಯುತ್ತದೆ. ಮತ್ತೆ ಥಿಯೇಟರಿಗೆ ಒಯ್ದು ಗಡ್ಡೆ ತೆಗೆಯಬೇಕಾಗುತ್ತದೆ.

ಗುಟ್ಟಿನ ಮೊದಲ ಬೆಲೆ ಇಲ್ಲಿ ತೆರಬೇಕಾಗುತ್ತದೆ. ರಾತ್ರಿ ಎರಡಕ್ಕೆ ಗಾಡಿ ಮಾಡಿಸಿ ಗಡಿ ದಾಟಬೇಕೆಂದರೆ ಮನೆಯಲ್ಲಿ ಒಬ್ಬರಿಗಾದರೂ ನಿಜ ಗೊತ್ತಿರಬೇಕು. ಪಿತ್ತದ ಹರಳು ತೆಗೆಸಿದವಳಿಗೆ ಎದೆ ಯಾಕೆ ಊದಿದೆ ಎಂದು ಆ ಹೊತ್ತಿನಲ್ಲಿ ವಿವರಿಸುತ್ತ ಕೂರಲಾಗದು. ಮೊದಲ ರಾತ್ರಿಯನ್ನು ಆಸ್ಪತ್ರೆಯಲ್ಲೇ ಕಳೆಯುವುದು ಇನ್ನೂ ಮೇಲು. "ಇವತ್ತ ಮಾಡಿ ಇವತ್ತs ಕಳಸ್ತೇವಿ" ಎಂಬ ಮಾತು ಮಿರಜದಲ್ಲೇ ಮನೆಯಿದ್ದವರಿಗೆ ಸರಿ.

ಬಣ್ಣಗಳ ಲೆಕ್ಕ

ಚರ್ಮದಡಿ ಸೋರಿದ ರಕ್ತ ಮೊದಲು ಕೆಂಪು, ಒಂದೆರಡು ದಿನಕ್ಕೆ ನೀಲಿ-ನೇರಳೆ. ರಕ್ತಕ್ಕೆ ಬಣ್ಣ ಕೊಡುವ ಹಿಮೋಗ್ಲೋಬಿನ್ ಆಮ್ಲಜನಕ ಕಳೆದುಕೊಂಡದ್ದರ ಗುರುತು ಅದು. ಆಮೇಲೆ ಬಿಳಿ ರಕ್ತಕಣಗಳು ಬಂದು ಆ ಹಳೆಯ ಕೆಂಪು ಕಣಗಳನ್ನು ನುಂಗಿ ಒಡೆಯತೊಡಗುತ್ತವೆ. ಹಿಮೋಗ್ಲೋಬಿನ್ನಿನ ಒಂದು ಭಾಗ ಬಿಲಿವರ್ಡಿನ್ ಎಂಬ ಹಸಿರು ವಸ್ತುವಾಗುತ್ತದೆ. ಅದು ಮುಂದೆ ಹಳದಿಯ ಬಿಲಿರುಬಿನ್ ಆಗುತ್ತದೆ, ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವುದೂ ಇದೇ ವಸ್ತುವಿನಿಂದ. ಉಳಿದ ಕಬ್ಬಿಣದಂಶ ಕಂದು ಕಲೆಯಾಗಿ ಕೆಲಕಾಲ ನಿಲ್ಲುತ್ತದೆ. ಒಟ್ಟು ಎರಡು ಮೂರು ವಾರದ ಲೆಕ್ಕ. ಬಣ್ಣ ಬದಲಾಗುತ್ತಿದೆ ಎಂದರೆ ಒಳಗೆ ಕಸ ತೆಗೆಯುವ ಕೆಲಸ ನಡೆದಿದೆ ಎಂದು ತಿಳಿದರಾಯಿತು.

ನಮ್ಮ ಮೈಬಣ್ಣಕ್ಕೆ ಈ ಹಸಿರು-ಹಳದಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲಿಷ್ ಪುಸ್ತಕಗಳ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು. ಕಪ್ಪು, ಎಣ್ಣೆಗೆಂಪು ಚರ್ಮದಲ್ಲಿ ಎಲ್ಲವೂ ಒಂದೇ ಕರಿ ಮಚ್ಚೆಯಾಗಿ ತೋರಬಹುದು. ಸೋಂಕಿನ ಕೆಂಪೂ ಅದರಲ್ಲಿ ಮರೆಯಾಗುತ್ತದೆ. ಹಾಗಾಗಿ ಕಣ್ಣಿಗಿಂತ ಅಂಗೈಯನ್ನು ನಂಬುವುದು ವಾಸಿ: ಒಂದು ಪಕ್ಕ ಇನ್ನೊಂದಕ್ಕಿಂತ ಬಿಸಿಯಿದೆಯೇ, ಗಟ್ಟಿಯಿದೆಯೇ, ಮುಟ್ಟಿದರೆ ಮೊನ್ನೆಗಿಂತ ಇವತ್ತು ಹೆಚ್ಚು ನೋಯುತ್ತಿದೆಯೇ. ಜೊತೆಗೆ ಜ್ವರ, ಕೀವು, ಕೆಟ್ಟ ವಾಸನೆ ಇದ್ದರೆ ಸೋಂಕು ಎಂದೇ ಎಣಿಸಿ ವೈದ್ಯರ ಬಳಿ ಹೋಗಬೇಕು.

ನಾಲ್ಕನೆಯ ದಿನದ ಸುಮಾರಿಗೆ ಇನ್ನೊಂದು ಗಾಬರಿ ಕಾದಿರುತ್ತದೆ. ನೀಲಿ ಎದೆಯಿಂದ ಪಕ್ಕೆಗೆ, ಪಕ್ಕೆಯಿಂದ ಹೊಟ್ಟೆಗೆ ಇಳಿದಿರುತ್ತದೆ. "ಒಳಗ ರಕ್ತ ಹರಿಯಾಕ ಹತ್ತೇತಿ" ಎಂದು ಓಡಿ ಬರುವವರುಂಟು. ಹೊಸ ರಕ್ತ ಅಲ್ಲ ಅದು. ಸೋರಿದ ಹಳೆಯ ರಕ್ತ ತನ್ನ ಭಾರಕ್ಕೆ ಚರ್ಮದಡಿ ಕೆಳಗೆ ಜಾರಿದೆ, ಅಷ್ಟೆ.

ಕೂಡು ಮನೆಯಲ್ಲಿ ಈ ಕಲೆಗೆ ಬೇರೊಂದು ಅರ್ಥವೂ ಹುಟ್ಟುತ್ತದೆ. ಹೆಣ್ಣಿನ ಮೈಮೇಲೆ ನೀಲಿ ಕಂಡರೆ ಊರು ಮೊದಲು ಊಹಿಸುವುದು ಗಂಡನ ಕೈಯನ್ನು. ಬಚ್ಚಲಲ್ಲಿ ಬೆನ್ನು ತಿಕ್ಕಲು ಬಂದ ಅತ್ತೆ ಸೆರಗು ಸರಿಸಿ ನೋಡಿ ಮಗನ ಮೇಲೆ ಹರಿಹಾಯ್ದರೆ ಆ ಮಗ ಏನು ಹೇಳಬೇಕು?

ಟಿಪ್ಪುವಿನ ಕಾಲದ ಮೂಗು

ಕತ್ತರಿಸಿದ ಚರ್ಮ ಬದುಕಿ ಉಳಿಯುವುದು ಹೇಗೆ ಎಂಬುದಕ್ಕೆ ನಮ್ಮ ಸೀಮೆಯದೇ ಕಥೆಯೊಂದು ಲೋಕಪ್ರಸಿದ್ಧವಾಗಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಕವಾಸ್ಜಿ ಎಂಬ ಮರಾಠ ಸೀಮೆಯ ಎತ್ತಿನ ಗಾಡಿಯವ ಇಂಗ್ಲಿಷರ ದಂಡಿನ ಜೊತೆಗಿದ್ದು ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿಬಿದ್ದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಸುಮಾರು ಒಂದು ವರ್ಷದ ಬಳಿಕ ಪುಣೆಯ ಕಡೆಯ ಕುಶಲಕರ್ಮಿಯೊಬ್ಬ ಹಣೆಯ ಚರ್ಮ ಬಿಡಿಸಿ ಕೆಳಗೆ ಮಡಚಿ ಹೊಸ ಮೂಗು ಕಟ್ಟಿದ. ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ 1794ರ ಅಕ್ಟೋಬರಿನಲ್ಲಿ ಚಿತ್ರಸಮೇತ ಇದನ್ನು ಅಚ್ಚು ಹಾಕಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲೇ ಹಾಗೆ ಮಾಡಿ ತೋರಿಸಿದ. ಸುಶ್ರುತ ಸಂಹಿತೆಯ ಕಾಲದಿಂದ ನಮ್ಮಲ್ಲಿದ್ದ ವಿದ್ಯೆ ಹೀಗೆ ಯುರೋಪಿನ ಪ್ಲಾಸ್ಟಿಕ್ ಸರ್ಜರಿಗೆ ದಾರಿಯಾಯಿತು.

ನಮಗೆ ಇಲ್ಲಿ ಬೇಕಾದ್ದು ಅದರ ಒಂದು ವಿವರ. ಹಣೆಯ ಚರ್ಮವನ್ನು ಆತ ಪೂರ್ತಿ ಬೇರ್ಪಡಿಸಲಿಲ್ಲ. ಎರಡು ಹುಬ್ಬಿನ ನಡುವೆ ಸಣ್ಣ ಪಟ್ಟಿಯೊಂದನ್ನು ಹಾಗೇ ಬಿಟ್ಟ. ಆ ಪಟ್ಟಿಯ ಮೂಲಕ ರಕ್ತ ಹರಿಯುತ್ತಿತ್ತು. ಹೊಸ ಜಾಗದಲ್ಲಿ ರಕ್ತನಾಳ ಬೆಳೆದ ಮೇಲೆ, ಇಪ್ಪತ್ತೈದನೆಯ ದಿನದ ಸುಮಾರಿಗೆ, ಪಟ್ಟಿಯನ್ನು ಕತ್ತರಿಸುತ್ತಿದ್ದರಂತೆ. ಸ್ತನದ ಗಾತ್ರ ಇಳಿಸುವಾಗ ಇಂದಿಗೂ ನಡೆಯುವುದು ಇದೇ. ಮೊಲೆತೊಟ್ಟನ್ನು ಮೇಲಕ್ಕೆ ಒಯ್ದು ಕೂಡಿಸುವಾಗ ಅದರಡಿಯ ಅಂಗಾಂಶದ ಕಂಬವನ್ನು ಉಳಿಸಿಕೊಳ್ಳುತ್ತಾರೆ. ತೊಟ್ಟಿನ ಜೀವ ಆ ಕಂಬದೊಳಗಿನ ನಾಲ್ಕಾರು ನಾಳಗಳಲ್ಲಿದೆ. ಅವು ಮುದುಡಿದರೆ ತೊಟ್ಟು ಕಪ್ಪಾಗಿ ಸತ್ತೇ ಹೋಗಬಹುದು.

"ಬೀಡಿ ಸೇದೂದಿಲ್ರಿ"

ರಕ್ತನಾಳ ಮುದುಡಿಸುವುದರಲ್ಲಿ ನಿಕೋಟಿನ್ ಎತ್ತಿದ ಕೈ. ಅದಕ್ಕೇ ಸರ್ಜನ್ನರು ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲು, ನಾಲ್ಕು ವಾರ ನಂತರ ತಂಬಾಕು ಬಿಡಿ ಎನ್ನುವುದು. ಆಸ್ಪತ್ರೆಯ ಪ್ರಶ್ನೆಪಟ್ಟಿಯಲ್ಲಿ "ಸಿಗರೇಟು ಸೇದುತ್ತೀರಾ?" ಎಂದಿರುತ್ತದೆ. ಕಾಗವಾಡದ ಹೆಣ್ಣುಮಗಳು "ಇಲ್ಲ" ಎನ್ನುತ್ತಾಳೆ, ಸುಳ್ಳಲ್ಲ.

ಆದರೆ 1981ರ ರೈತ ಚಳವಳಿಯಿಂದ ದೇಶಕ್ಕೆಲ್ಲ ಗೊತ್ತಾದ ನಿಪ್ಪಾಣಿ ಇಲ್ಲೇ ಪಕ್ಕದಲ್ಲಿದೆ. ತಂಬಾಕು ಬೆಳೆದು, ಒಣಗಿಸಿ, ಪುಡಿ ಮಾಡಿ, ಬೀಡಿ ಕಟ್ಟಿ ಬದುಕಿದ ಸೀಮೆ ಇದು. ಇಲ್ಲಿಯ ಹೆಂಗಸರು ತಂಬಾಕನ್ನು ಸೇದುವುದಿಲ್ಲ, ಹಲ್ಲಿಗೆ ತಿಕ್ಕುತ್ತಾರೆ. ಹುರಿದು ಪುಡಿ ಮಾಡಿದ ತಂಬಾಕು, ಮಶೇರಿ ಅಥವಾ ಮಿಶ್ರಿ, ಬೆಳಗ್ಗೆ ಎದ್ದ ಕೂಡಲೇ ಒಮ್ಮೆ, ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ. ಅದನ್ನು ಚಟ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಲ್ಲುಜ್ಜುವುದು ಎನ್ನುತ್ತಾರೆ. ಒಸಡಿನ ಮೂಲಕ ನಿಕೋಟಿನ್ ನೇರ ರಕ್ತಕ್ಕೆ ಸೇರುತ್ತದೆ. ಗುಟಕಾ, ಎಲೆ-ಅಡಿಕೆಯ ಜೊತೆಯ ಹೊಗೆಸೊಪ್ಪು, ನಶ್ಯ ಎಲ್ಲಕ್ಕೂ ಇದೇ ಮಾತು. ಹಸಿ ತಂಬಾಕಿನ ಒದ್ದೆ ಎಲೆ ಕೊಯ್ಯುವವರಿಗೆ ಚರ್ಮದ ಮೂಲಕವೂ ನಿಕೋಟಿನ್ ಏರಿ ತಲೆಸುತ್ತು, ವಾಂತಿ ಆಗುವುದು ಗೊತ್ತಿರುವ ಸಂಗತಿ. ಸರ್ಜನ್ ಕೇಳದಿದ್ದರೆ ರೋಗಿಯೇ ಹೇಳಬೇಕು. ಇಡೀ ಲೇಖನದಲ್ಲಿ ಒಂದೇ ಪ್ಯಾರಾ ಕತ್ತರಿಸಿ ಇಟ್ಟುಕೊಳ್ಳುವುದಾದರೆ ಈ ಪ್ಯಾರಾ ಇಟ್ಟುಕೊಳ್ಳಿ.

ಮಾತ್ರೆಗಳದ್ದೂ ಹೇಳಿಬಿಡೋಣ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳನ್ನು (ಪ್ಲೇಟ್ಲೆಟ್) ಅವುಗಳ ಆಯುಷ್ಯ ಮುಗಿಯುವವರೆಗೆ, ಅಂದರೆ ಏಳರಿಂದ ಹತ್ತು ದಿನ, ನಿಷ್ಕ್ರಿಯಗೊಳಿಸುತ್ತದೆ. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದ ಬ್ರುಫೆನ್, ಮೀನೆಣ್ಣೆ, ಬೆಳ್ಳುಳ್ಳಿಯ ಕ್ಯಾಪ್ಸೂಲು ಕೂಡ ರಕ್ತ ಹೆಪ್ಪುಗಟ್ಟುವುದನ್ನು ತಡಮಾಡಬಹುದು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ತಮ್ಮಷ್ಟಕ್ಕೆ ತಾವೇ ನಿಲ್ಲಿಸಕೂಡದು. ಮಧುಮೇಹ ಇದ್ದವರು ಅದನ್ನು ಹತೋಟಿಗೆ ತಂದುಕೊಂಡೇ ಹೋಗಬೇಕು.

ರೊಟ್ಟಿ ಬಡಿಯುವ ತೋಳು

"ಆರು ವಾರ ಭಾರ ಎತ್ತಬೇಡಿ, ಜಿಮ್‌ಗೆ ಹೋಗಬೇಡಿ" ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತದೆ. ಜಿಮ್ ಎಂದರೇನೆಂದು ಗೊತ್ತಿಲ್ಲದವಳು ಅದನ್ನು ಓದಿ ನಿಶ್ಚಿಂತೆಯಾಗಿ ಮರುವಾರವೇ ಜೋಳದ ರೊಟ್ಟಿ ಬಡಿಯಲು ಕೂರುತ್ತಾಳೆ. ರೊಟ್ಟಿ ಬಡಿಯುವುದು ಎದೆಯ ಸ್ನಾಯುವಿನ ಕೆಲಸ. ಹಿಟ್ಟು ನಾದುವುದು, ಬಟ್ಟೆ ಒಗೆದು ಹಿಂಡುವುದು, ಬೋರಿನ ಕೈ ಜಗ್ಗುವುದು, ಎಮ್ಮೆ ಹಿಂಡುವುದು, ಮೇವಿನ ಹೊರೆ ತಲೆಗೇರಿಸುವುದು, ಎಲ್ಲದಕ್ಕೂ ಅದೇ ಅಗಲ ಸ್ನಾಯು ಬೇಕು. ಸಿಲಿಕೋನ್ ಇಂಪ್ಲಾಂಟನ್ನು ಸ್ನಾಯುವಿನ ಅಡಿಯಲ್ಲಿ ಇಟ್ಟಿದ್ದರಂತೂ ಪ್ರತಿ ಬಡಿತಕ್ಕೂ ಅದು ಅಲುಗುತ್ತದೆ.

ಹೊರಗಿನ ಹೊಲಿಗೆ ಒಣಗಿದ್ದನ್ನು ಕಂಡು ಗಾಯ ಮಾಯಿತು ಎಂದುಕೊಳ್ಳುತ್ತೇವೆ. ಒಳಗೆ ಅದರ ಲೆಕ್ಕವೇ ಬೇರೆ. ಮೊದಲ ನಾಲ್ಕೈದು ದಿನ ಬಾವು: ದೇಹ ಕಸ ಗುಡಿಸುತ್ತದೆ, ಸೋಂಕಿನ ಕಾವಲು ಕಾಯುತ್ತದೆ. ಆಮೇಲೆ ಮೂರು ವಾರದವರೆಗೆ ಹೊಸ ಕಾಲಜನ್ ಎಳೆಗಳು ಹುಟ್ಟುತ್ತವೆ. ಫ್ಯಾಕ್ಟರಿಯ ಅಂಗಳದಲ್ಲಿ ಗಾಡಿಯಿಂದ ಸುರಿದ ಕಬ್ಬಿನಂತೆ ಅವು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಜಾಗ ತುಂಬಿರುತ್ತದೆ, ಬಲ ಇರುವುದಿಲ್ಲ. ಮೂರನೆಯ ವಾರದ ಕೊನೆಗೆ ಗಾಯದ ಚರ್ಮಕ್ಕೆ ಮೊದಲಿನ ಬಲದ ಐದರಲ್ಲೊಂದು ಪಾಲು ಮಾತ್ರ. ಮುಂದಿನ ತಿಂಗಳುಗಳಲ್ಲಿ ಎಳೆಗಳು ಒಂದೊಂದಾಗಿ ಒಡೆದು, ಜಗ್ಗುವ ದಿಕ್ಕಿಗೆ ಸರಿಯಾಗಿ ಮತ್ತೆ ಜೋಡಣೆಯಾಗುತ್ತವೆ. ಎಷ್ಟೇ ಕಾದರೂ ಬಲ ಹಳೆಯದರ ಶೇಕಡಾ 80ನ್ನು ದಾಟುವುದಿಲ್ಲ.

ಇದೆಲ್ಲ ಅತ್ತೆಗೆ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಸೊಸೆಗೆ ಆದದ್ದು ಹೊಟ್ಟೆಯಲ್ಲಿ ಮೂರು ತೂತಿನ ಆಪರೇಷನ್ನು; ಪಕ್ಕದ ಮನೆಯವಳು ಅದೇ ಮಾಡಿಸಿಕೊಂಡು ಎಂಟು ದಿನಕ್ಕೆ ನೀರು ಹೊತ್ತಿದ್ದಾಳೆ. ಕೂಸನ್ನು ಎತ್ತಿಕೊಳ್ಳಲಾರೆ ಎನ್ನಲು ಸೊಸೆಗೆ ನೆಪವಿಲ್ಲ. ಹೇಳಿದ ಸುಳ್ಳನ್ನು ಉಳಿಸಿಕೊಳ್ಳಲೆಂದೇ ಆಕೆ ಕೊಡ ಎತ್ತುತ್ತಾಳೆ.

ಹಾಗೆಂದು ಹಾಸಿಗೆ ಹಿಡಿದು ಮಲಗುವುದೂ ತಪ್ಪೇ. ಮೊದಲ ದಿನದಿಂದಲೇ ಮನೆಯೊಳಗೆ ಅಡ್ಡಾಡಬೇಕು, ಇಲ್ಲವಾದರೆ ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಮೀನಗಂಡದಲ್ಲಿ ನೋವು, ಬಾವು, ಇದ್ದಕ್ಕಿದ್ದಂತೆ ಏದುಸಿರು ಬಂದರೆ ತಡಮಾಡಬಾರದು. ಮಲಗುವಾಗ ಬೆನ್ನ ಮೇಲೆ, ತಲೆಯ ಕಡೆ ಎತ್ತರ ಮಾಡಿ ಮಲಗಬೇಕು. ಗಾಯದ ನೀರು ಹೊರಬರಲು ರಬ್ಬರಿನ ನಳಿಗೆ ಇಟ್ಟಿದ್ದರೆ ದಿನಕ್ಕೆ ಎಷ್ಟು ಬಂತೆಂದು ಅಳೆದು ಬರೆಯಬೇಕು; ಸಾಮಾನ್ಯವಾಗಿ 30 ಮಿ.ಲೀ.ಗಿಂತ ಕಡಿಮೆಯಾದ ಮೇಲೆ ತೆಗೆಯುತ್ತಾರೆ.

ಅರಿಶಿನ, ಶೇಕ, ನಂಜು

ಸಾಂಗಲಿಯ ಅರಿಶಿನ ಪೇಟೆಯ ನೆರಳಲ್ಲಿರುವ ಊರುಗಳಿಗೆ ಗಾಯಕ್ಕೆ ಅರಿಶಿನ ಹಚ್ಚಬೇಡಿ ಎಂದು ಹೇಳುವುದಕ್ಕೆ ಎದೆಗಾರಿಕೆ ಬೇಕು. ಹಾಲಿಗೆ ಹಾಕಿ ಕುಡಿಯಿರಿ, ಪಲ್ಯಕ್ಕೆ ಹಾಕಿ ತಿನ್ನಿ, ತಕರಾರಿಲ್ಲ. ಹೊಲಿಗೆಯ ಮೇಲೆ ಡಬ್ಬಿಯ ಅರಿಶಿನ ಮಾತ್ರ ಬೇಡ. ಅದು ಶುದ್ಧವಾಗಿರುವುದಿಲ್ಲ, ಅದರ ಕಣ ಹೊಲಿಗೆಯ ಸಂದಿನಲ್ಲಿ ಕೂರುತ್ತದೆ, ಬಣ್ಣದಡಿ ಸೋಂಕಿನ ಕೆಂಪೂ ಕಾಣದಾಗುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಶೇಕ. ಬಾವು ಎಂದರೆ ಬಿಸಿ ಉಪ್ಪಿನ ಗಂಟು, ಬಿಸಿನೀರಿನ ಚೀಲ ಇಡುವುದು ನಮ್ಮಲ್ಲಿ ಕೈಗೆ ಬಂದ ರೂಢಿ. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಚರ್ಮದ ಸಣ್ಣ ನರಗಳು ತುಂಡಾಗಿ ತಿಂಗಳುಗಟ್ಟಲೆ ಮರಗಟ್ಟಿರುತ್ತವೆ. ಸುಡುತ್ತಿರುವುದು ತಿಳಿಯುವುದೇ ಇಲ್ಲ. ಹೊಸದಾಗಿ ಕಟ್ಟಿದ ಸ್ತನದ ಮೇಲೆ ಹೀಗೆ ಬೊಬ್ಬೆಯೆದ್ದು ಚರ್ಮ ಹಾಳಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಸಾಕಷ್ಟಿವೆ. ಐಸನ್ನು ನೇರ ಇಟ್ಟರೂ ಅದೇ ಗತಿ. ನರಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಬೆಳೆಯುತ್ತವೆ. ಬೆಳೆಯುವಾಗ ಜುಮ್ಮೆನ್ನುತ್ತದೆ, ಕರೆಂಟು ಹೊಡೆದ ಅನುಭವವಾಗುತ್ತದೆ, ತುರಿಸುತ್ತದೆ. ಕಿರಿಕಿರಿಯಾದರೂ ಒಳ್ಳೆಯ ಸುದ್ದಿಯೇ.

ಇನ್ನು ನಂಜು. ಬದನೆಕಾಯಿ ಬೇಡ, ಶೇಂಗಾ ಬೇಡ, ಬೇಳೆ ಬೇಡ, ಮೊಸರು ಬೇಡ, ಗಾಯ ನಂಜಾಗುತ್ತದೆ ಎಂದು ಹಿರಿಯರು ಅನ್ನ-ಸಾರಿನ ಪಥ್ಯಕ್ಕೆ ಕೂರಿಸುತ್ತಾರೆ. ಪ್ರೀತಿಯಿಂದಲೇ. ಆದರೆ ಗಾಯ ಕಟ್ಟುವ ಕಾಲಜನ್ ಎಂದರೆ ಪ್ರೋಟೀನು. ಬೇಳೆ, ಹಾಲು, ಮೊಸರು, ಶೇಂಗಾ ಇಲ್ಲದೆ ಅದು ಎಲ್ಲಿಂದ ಬರಬೇಕು? ಕಾಗವಾಡ, ಶೇಡಬಾಳ, ಉಗಾರ ಕಡೆಯ ಜೈನ ಮನೆಗಳಲ್ಲಿ ಮೊಟ್ಟೆ, ಮಾಂಸದ ಮಾತೇ ಇಲ್ಲ, ಇರುವ ಬೇಳೆಯನ್ನೂ ಬಿಡಿಸಿದರೆ ಕಷ್ಟ. ಉಪವಾಸದ ವ್ರತಗಳನ್ನು ಮುಂದೂಡುವ ಬಗ್ಗೆ ಮನೆಯ ಹಿರಿಯರ ಜೊತೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಅಮಾವಾಸ್ಯೆಗೆ ನರಸೋಬಾವಾಡಿಗೆ ಹೋಗಿ ಹೊಳೆಯಲ್ಲಿ ಮುಳುಗುವುದೂ ಗಾಯ ಪೂರ್ತಿ ಮುಚ್ಚುವವರೆಗೆ ಬೇಡ. ದರ್ಶನಕ್ಕೆ ಅಡ್ಡಿಯಿಲ್ಲ.

ನೆಲ್ಲಿಕಾಯಿ, ಪೇರಲ, ನಿಂಬೆ ತಿನ್ನಿ ಎನ್ನುವುದಕ್ಕೂ ಕಾರಣವಿದೆ. ಕಾಲಜನ್ ಎಳೆಗಳು ಗಟ್ಟಿಯಾಗಿ ಹೆಣೆದುಕೊಳ್ಳಲು ಸಿ ಜೀವಸತ್ವ ಬೇಕೇಬೇಕು. 1740ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆಯ ಕಮಡೋರ್ ಆನ್ಸನ್‌ನ ಹಡಗುಗಳು ಭೂಮಿ ಸುತ್ತಿದಾಗ ನಾವಿಕರಿಗೆ ತಿಂಗಳುಗಟ್ಟಲೆ ಹಣ್ಣು ಸಿಗದೆ ಸ್ಕರ್ವಿ ಬಂತು. ಅವರಲ್ಲೊಬ್ಬ 1690ರಲ್ಲಿ ಐರ್ಲೆಂಡಿನ ಬಾಯ್ನ್ ಕದನದಲ್ಲಿ ಗಾಯಗೊಂಡಿದ್ದ ಮುದುಕ. ಐವತ್ತು ವರ್ಷದ ಹಿಂದೆ ಮಾಯ್ದಿದ್ದ ಆ ಗಾಯಗಳು ಎಂದೂ ಮಾಯ್ದೇ ಇರಲಿಲ್ಲವೇನೋ ಎಂಬಷ್ಟು ಮತ್ತೆ ಬಾಯಿಬಿಟ್ಟವು. ಗಾಯದ ಗುರುತು ಸತ್ತ ಚರ್ಮವಲ್ಲ, ದೇಹ ಅದನ್ನು ಸಾಯುವವರೆಗೂ ಒಡೆದು ಕಟ್ಟುತ್ತಲೇ ಇರುತ್ತದೆ.

ಗುರುತು ಮತ್ತು ಗಡಸು

ಎದೆಯ ನಡುಭಾಗದಲ್ಲೂ ಹೆಗಲಲ್ಲೂ ಗುರುತು ದಪ್ಪವಾಗಿ ಬೆಳೆದು ಕಿಲಾಯ್ಡ್ ಆಗುವ ಸಂಭವ ದೇಹದ ಬೇರೆ ಭಾಗಕ್ಕಿಂತ ಹೆಚ್ಚು. ಕಂದು ಚರ್ಮದವರಿಗೆ ಇನ್ನೂ ಹೆಚ್ಚು. ಕಿವಿ ಚುಚ್ಚಿಸಿದಲ್ಲಿ, ಸುಟ್ಟಲ್ಲಿ ಹಿಂದೆ ಹೀಗೆ ಗಂಟು ಬೆಳೆದಿದ್ದರೆ ಸರ್ಜನ್ನರಿಗೆ ಮೊದಲೇ ತೋರಿಸಬೇಕು. ಗಾಯ ಮುಚ್ಚಿದ ಮೇಲೆ ಸಿಲಿಕೋನ್ ಪಟ್ಟಿ ಅಥವಾ ಜೆಲ್ ಕೆಲವು ತಿಂಗಳು ಹಚ್ಚುವುದರಿಂದ ಗುರುತು ಚಪ್ಪಟೆಯಾಗಲು ನೆರವಾಗುತ್ತದೆ. ಬಣ್ಣ ತಿಳಿಯಾಗಲು ಒಂದೂವರೆ ವರ್ಷವೂ ಹಿಡಿಯಬಹುದು.

ಇಂಪ್ಲಾಂಟ್ ಇಟ್ಟವರ ದೇಹ ಅದರ ಸುತ್ತ ತೆಳುವಾದ ಗಾಯದ ಪೊರೆ ಕಟ್ಟಿಕೊಳ್ಳುತ್ತದೆ. ಅದು ಎಲ್ಲರಲ್ಲೂ ಆಗುವುದೇ. ಕೆಲವರಲ್ಲಿ ಆ ಪೊರೆ ಬಿಗಿದು ಸ್ತನ ಗಡಸಾಗುತ್ತದೆ, ಆಕಾರ ಕೆಡುತ್ತದೆ. ಟೆಕ್ಸಾಸಿನ ಹೂಸ್ಟನ್ನಿನಲ್ಲಿ 1962ರಲ್ಲಿ ಮೊದಲ ಸಿಲಿಕೋನ್ ಇಂಪ್ಲಾಂಟ್ ಇಟ್ಟಂದಿನಿಂದ ಈ ತೊಂದರೆ ಪೂರ್ತಿ ಹೋಗಿಲ್ಲ. ಅಮೆರಿಕ 1992ರಲ್ಲಿ ಸೌಂದರ್ಯಕ್ಕಾಗಿ ಸಿಲಿಕೋನ್ ಬಳಸುವುದನ್ನು ತಡೆದು 2006ರಲ್ಲಿ ಮತ್ತೆ ಒಪ್ಪಿತು. ಒರಟು ಮೇಲ್ಮೈಯ ಒಂದು ಬಗೆಯ ಇಂಪ್ಲಾಂಟಿಗೂ ಲಿಂಫೋಮಾ ಬಗೆಯ ಅಪರೂಪದ ಕ್ಯಾನ್ಸರೊಂದಕ್ಕೂ ನಂಟು ಕಂಡಿದ್ದರಿಂದ 2019ರಲ್ಲಿ ಅಂಥವನ್ನು ಜಗತ್ತಿನೆಲ್ಲೆಡೆ ಹಿಂಪಡೆಯಲಾಯಿತು. ಇಟ್ಟ ಇಂಪ್ಲಾಂಟಿನ ಹೆಸರು, ಸಂಖ್ಯೆ ಇರುವ ಕಾರ್ಡನ್ನು ಆಧಾರ್ ಕಾರ್ಡಿನ ಜೊತೆಗೇ ಜೋಪಾನ ಮಾಡಿ. ವರ್ಷಗಳ ನಂತರ ಒಂದು ಕಡೆ ಏಕಾಏಕಿ ನೀರು ತುಂಬಿ ಊದಿದರೆ ಆ ಕಾರ್ಡು ಬೇಕಾಗುತ್ತದೆ.

ಡಿಗ್ರಿ ಕೇಳಲು ನಾಚಿಕೆ ಯಾಕೆ

ಮ್ಹೈಸಾಳದ ಹೆಸರು 2017ರ ಮಾರ್ಚಿನಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಹೋಮಿಯೋಪಥಿ ವೈದ್ಯನೊಬ್ಬ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಗರ್ಭಪಾತದ ವೇಳೆ ಯುವತಿಯೊಬ್ಬಳು ಸತ್ತಳು; ತನಿಖೆಗೆ ಹೋದ ಪೊಲೀಸರಿಗೆ ಹಳ್ಳದ ದಡದಲ್ಲಿ ಹೂತಿಟ್ಟ 19 ಭ್ರೂಣಗಳು ಸಿಕ್ಕವು. ಅದು ಬೇರೆ ಅಪರಾಧ, ಬೇರೆ ದುರಂತ. ಆದರೆ ಗುಟ್ಟಾಗಿ ಆಗಬೇಕಾದ ಕೆಲಸಕ್ಕೆ ಜನ ಡಾಕ್ಟರ ಅರ್ಹತೆ ಕೇಳುವುದಿಲ್ಲ ಎಂಬ ಸಂಗತಿ ಅದಕ್ಕೂ ಈ ಶಸ್ತ್ರಚಿಕಿತ್ಸೆಗೂ ಸೇರಿದ್ದು. ಬೆಂಗಳೂರಿನಲ್ಲಿ 2022ರ ಮೇ ತಿಂಗಳಲ್ಲಿ ಕೊಬ್ಬು ತೆಗೆಸಿಕೊಂಡ ಕಿರುತೆರೆಯ ಯುವನಟಿಯೊಬ್ಬರು ಅದೇ ದಿನ ತೀರಿಕೊಂಡರು. ಮನೆಯವರಿಗೆ ಮೊದಲು ತಿಳಿಸಿರಲಿಲ್ಲ ಎಂದು ಪತ್ರಿಕೆಗಳು ಆಗ ಬರೆದವು.

ಎಂಬಿಬಿಎಸ್ ನಂತರ ಜನರಲ್ ಸರ್ಜರಿ, ಅದರ ನಂತರ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ. ಗೋಡೆಯ ಮೇಲಿನ ಫಲಕದಲ್ಲಿ ಇದನ್ನೇ ಹುಡುಕಬೇಕು. "ಕಾಸ್ಮೆಟಿಕ್ ಸ್ಪೆಷಲಿಸ್ಟ್" ಎಂಬ ಹೊಳೆಯುವ ಅಕ್ಷರಗಳನ್ನಲ್ಲ. ಅರಿವಳಿಕೆ ಕೊಡುವವರು ಯಾರು, ರಾತ್ರಿ ತೊಂದರೆಯಾದರೆ ಯಾರಿಗೆ ಫೋನು ಮಾಡಬೇಕು ಎಂದು ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಖರ್ಚಿನ ಮಾತು ಚಿಕ್ಕದು. ಸೌಂದರ್ಯಕ್ಕೆಂದು ಮಾಡಿಸಿದರೆ ವಿಮೆ ಕೊಡುವುದಿಲ್ಲ, ಜಿಎಸ್‌ಟಿಯೂ ಬೀಳುತ್ತದೆ. ಕ್ಯಾನ್ಸರ್, ಅಪಘಾತ, ಸುಟ್ಟಗಾಯದ ನಂತರ ಮತ್ತೆ ಕಟ್ಟಿಸಿಕೊಳ್ಳುವುದು ವಿಮೆಯ ಈ ನಿರ್ಬಂಧದೊಳಗೆ ಬರುವುದಿಲ್ಲ. ಚೆನ್ನೈನ ಸ್ಟಾನ್ಲಿ ವೈದ್ಯಕೀಯ ಕಾಲೇಜು 2018ರಲ್ಲಿ ಬಡವರಿಗೆ ಸ್ತನದ ಶಸ್ತ್ರಚಿಕಿತ್ಸೆ ಉಚಿತ ಎಂದು ಪ್ರಕಟಿಸಿದಾಗ ಸರ್ಕಾರದ ದುಡ್ಡು ಇದಕ್ಕೂ ಬೇಕೇ ಎಂದು ಗದ್ದಲವಾಯಿತು. ಹೆಗಲಲ್ಲಿ ಗುಳಿ ಬಿದ್ದವರನ್ನು ಯಾರೂ ಕೇಳಲಿಲ್ಲ.

ಯಾವ ತಿಂಗಳು

ಶಾಲೆಯ ಅಕ್ಕೋರು ಮೇ ರಜೆಯಲ್ಲಿ ಮಾಡಿಸಿಕೊಳ್ಳುತ್ತಾರೆ. ರಜೆ ಉದ್ದ ಇದೆ, ನಿಜ. ಆದರೆ ಆ ಧಗೆಯಲ್ಲಿ ರಾತ್ರಿ-ಹಗಲು ಬಿಗಿ ಬ್ರಾ ತೊಟ್ಟಿರುವುದು ಶಿಕ್ಷೆ, ಬೆವರಿಗೆ ಗಾಯವೂ ನೆನೆಯುತ್ತದೆ. ಎರಡು ಮೂರು ಜೊತೆ ಇಟ್ಟುಕೊಂಡು ಬದಲಿಸುತ್ತಿರಬೇಕು. ಜುಲೈ, ಆಗಸ್ಟಿನಲ್ಲಿ ಕೃಷ್ಣೆಯ ಭಯ. 2019ರ ನೆರೆಯಲ್ಲಿ ಸಾಂಗಲಿಯೇ ಮುಳುಗಿದ್ದನ್ನು ಕಂಡವರು ಹೊಲಿಗೆ ಬಿಚ್ಚಿಸುವ ದಿನ ರಸ್ತೆ ಇರುತ್ತದೆಂದು ನಂಬಿ ಕೂರಲಾರರು. ದೀಪಾವಳಿಯ ನಂತರ ಹವೆ ಹಿತ, ಆದರೆ ಕಬ್ಬಿನ ಸೀಜನ್ ಶುರು, ಹೊಲದಲ್ಲೂ ಮನೆಯಲ್ಲೂ ಕೈ ಸಾಲದು, ರಸ್ತೆಯ ತುಂಬ ಎರಡೆರಡು ಟ್ರೇಲರಿನ ಟ್ರ್ಯಾಕ್ಟರು. ಆದರೂ ನನ್ನ ಆಯ್ಕೆ ಅದೇ, ರೊಟ್ಟಿಗೆ ಬೇರೆ ಕೈ ಸಿಗುವುದಾದರೆ.

ಯಾವ ತಿಂಗಳಾದರೂ ಆರನೆಯ ವಾರದವರೆಗೆ ಕನ್ನಡಿಯ ಮಾತು ಕೇಳಬೇಕಿಲ್ಲ. ಬಾವಿನಿಂದ ಎರಡೂ ಒಂದೇ ಎತ್ತರಕ್ಕೆ ಇರುವುದಿಲ್ಲ, ಇಂಪ್ಲಾಂಟು ಮೊದಮೊದಲು ಮೇಲೇ ನಿಂತಿರುತ್ತದೆ, ತೊಟ್ಟು ಮೇಲಕ್ಕೆ ನೋಡುತ್ತದೆ. ಮೂರು-ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುತ್ತದೆ, "ಯಾಕರ ಮಾಡಿಸ್ಕೊಂಡ್ನೋ" ಅನ್ನಿಸುತ್ತದೆ. ಅರಿವಳಿಕೆ, ನೋವಿನ ಮಾತ್ರೆ, ನಿದ್ದೆಗೇಡು ಎಲ್ಲ ಸೇರಿ ತರುವ ಮಂಕು ಅದು, ಬಹುತೇಕರಲ್ಲಿ ತಾನೇ ತಿಳಿಯಾಗುತ್ತದೆ. ಒಂದು ವಾರ, ಒಂದು ತಿಂಗಳು, ಮೂರು, ಆರು, ಹನ್ನೆರಡು ತಿಂಗಳಿಗೆ ಮರಳಿ ಬರಲು ಸಾಮಾನ್ಯವಾಗಿ ಹೇಳುತ್ತಾರೆ. ನೋವಿಲ್ಲವೆಂದು ಮೂರನೆಯ ತಿಂಗಳಿಂದಾಚೆ ಯಾರೂ ಹೋಗುವುದಿಲ್ಲ. ಅಷ್ಟಿಷ್ಟು ಹೆಚ್ಚುಕಡಿಮೆ ಉಳಿದಿದ್ದರೆ ತಿದ್ದುವುದು ಆರು ತಿಂಗಳಾದ ಮೇಲೆಯೇ. ಅದಕ್ಕೆ ಮೊದಲೇ ಇನ್ನೊಮ್ಮೆ ಕತ್ತರಿಸೋಣ ಎನ್ನುವವರು ಸಿಕ್ಕರೆ ಚೀಟಿಗಳ ಕಟ್ಟು ಹಿಡಿದು ಬೇರೆ ಸರ್ಜನ್ನರನ್ನು ನೋಡಬಹುದು.